ರೇಣುಕಾ ಒರೆಸಿದ ನೆಲ

ಹೈದರಾಬಾದಿನ ಗಚ್ಚಿಬೌಲಿಯ ಆ ಗಾಜಿನ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರಲ್ಲಿ ಶಂಕ್ರಮ್ಮನೂ ಒಬ್ಬಳು. ಕಟ್ಟಡ ಎದ್ದು ನಿಂತ ಮೇಲೆ ಅವಳ ಜೊತೆ ಸುರಪುರದ ಕಡೆಯಿಂದ ಬಂದಿದ್ದ ಮಂದಿಯೆಲ್ಲ ಬುಟ್ಟಿ ಸಲಿಕೆ ಕಟ್ಟಿಕೊಂಡು ಮುಂದಿನ ಕಟ್ಟಡಕ್ಕೆ ನಡೆದರು. ಗಂಡ ಮೌನಪ್ಪ ಶಂಷಾಬಾದಿನಲ್ಲಿ ಏಳುತ್ತಿದ್ದ ಹೊಸ ವಿಮಾನ ನಿಲ್ದಾಣದ ಕೆಲಸಕ್ಕೆ ಹೋಗಿ ಅಲ್ಲೇ ಶೆಡ್ಡಿನಲ್ಲಿ ಮಲಗತೊಡಗಿದ. ವಾರಕ್ಕೊಂದು ಸಲ ಮುಖ ತೋರಿಸಿ ಹೋಗುತ್ತಿದ್ದ. ಶಂಕ್ರಮ್ಮ ಮಾತ್ರ ಆ ಕಟ್ಟಡವನ್ನು ಬಿಡಲಿಲ್ಲ. ತಾನು ಹೊತ್ತು ಹಾಕಿದ ನೆಲವನ್ನು ತಾನೇ ಒರೆಸುವ ಕೆಲಸ ಅವಳಿಗೆ ಸಿಕ್ಕಿತ್ತು. ನೀಲಿ ಅಂಗಿ, ನೀಲಿ ಪ್ಯಾಂಟು, ಕೊರಳಿಗೊಂದು ಕಾರ್ಡು. ಊರಿಗೆ ಹೋದಾಗ ಯಾರಾದರೂ ಕೇಳಿದರೆ, "ಸಾಫ್ಟ್‌ವೇರ್ ಕಂಪನಿಯೊಳಗ ಅದೀನ್ರಿ" ಎಂದು ಹೇಳಿ, ಕೇಳಿದವರು ಬಾಯಿ ತೆರೆದು ನಿಂತಿರುವಾಗಲೇ ಮುಂದಕ್ಕೆ ಹೋಗಿಬಿಡುತ್ತಿದ್ದಳು.

ಆ ಕಟ್ಟಡದಲ್ಲಿ ಒರೆಸುವವರು ಇಪ್ಪತ್ತಾರು ಮಂದಿ ಇದ್ದರೂ ವಾಂತಿ ಎಂದರೆ ಸೂಪರ್‌ವೈಸರ್ ಕರೆಯುತ್ತಿದ್ದುದು ಶಂಕ್ರಮ್ಮನನ್ನೇ. ಉಳಿದವರು ಮೂಗು ಮುಚ್ಚಿಕೊಂಡು ಗೋಡೆ ನೋಡುತ್ತ ನಿಲ್ಲುತ್ತಿದ್ದರು. ಇವಳು ಹಾಗಲ್ಲ. ಮೊದಲು ಹಳೇ ಪೇಪರು ಹರಡಿ, ಅದು ಹೀರಿಕೊಂಡ ಮೇಲೆ ಎತ್ತಿ, ಆಮೇಲೆ ಸಾಬೂನು ನೀರು, ಆಮೇಲೆ ಫಿನಾಯಿಲು. ದೂರದ ಮೂಲೆಯಿಂದ ಶುರು ಮಾಡಿ ಬಾಗಿಲ ಕಡೆಗೆ ಹಿಂದಕ್ಕೆ ಹಿಂದಕ್ಕೆ ಬರುತ್ತ ಒರೆಸಬೇಕು. ನಮ್ಮ ಹೆಜ್ಜೆಯೂ ಉಳಿಯಬಾರದು, ಆದದ್ದರ ಗುರುತೂ ಉಳಿಯಬಾರದು. ನಾಲ್ಕು ನಿಮಿಷದಲ್ಲಿ ಕೆಲಸ ಮುಗಿಸಿ ಅವಳು ಜೇಬಿನಿಂದ ಹಳದಿ ಅರಿವೆ ತೆಗೆದು ಕೊನೆಯ ಸಲ ಉಜ್ಜಿದಳೆಂದರೆ, ಅಲ್ಲಿ ಏನಾದರೂ ನಡೆದಿತ್ತು ಎಂದು ಆಣೆ ಮಾಡಿ ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಶುಕ್ರವಾರದ ಪಾರ್ಟಿಯ ಮರುದಿನ ಬಾತ್‌ರೂಮು ತೊಳೆಯುತ್ತ, ಯಾರು ಎಲ್ಲಿಯ ಬಿರಿಯಾನಿ ತಿಂದಿದ್ದಾರೆ ಎಂದು ಅವಳು ನೋಡಿಯೇ ಹೇಳುತ್ತಿದ್ದಳಂತೆ. ಇದನ್ನು ಅವಳೇ ಹೇಳಿಕೊಂಡದ್ದು, ಎಷ್ಟು ನಂಬಬೇಕೋ ನನಗೆ ಗೊತ್ತಿಲ್ಲ.

ಇಂಥವಳಿಗೆ ಹುಟ್ಟಿದ ಮಗಳು ರೇಣುಕಾ. ವಯಸ್ಸು ಆರು. ಹೊಟ್ಟೆ ಮಾತ್ರ ಹುಟ್ಟಿದಾಗಿನಿಂದ ಸೂಕ್ಷ್ಮ. ಬಸ್ಸು ಹತ್ತಿದರೆ ವಾಂತಿ, ಬಸ್ಸಿನ ಹೊಗೆ ಕುಡಿದರೂ ವಾಂತಿ. ಯಾದಗಿರಿಯಿಂದ ರೈಲಿನಲ್ಲಿ ಬರುವಾಗ ಒಂದೇ ಬೋಗಿಯಲ್ಲಿ ಮೂರು ಸಂಸಾರಗಳ ಚೀಲದ ಮೇಲೆ ಸಮನಾಗಿ ಹಂಚಿದವಳು ಅವಳು. ಶಂಕ್ರಮ್ಮ ಪ್ರತಿಸಲವೂ ಒರೆಸುತ್ತಿದ್ದಳು, ಒರೆಸುವಷ್ಟು ಹೊತ್ತೂ ಬಾಯಿ ನಡೆದೇ ಇರುತ್ತಿತ್ತು.

"ಆಫೀಸಿನ್ಯಾಗ ಒರಸಿದ್ರ ಪಗಾರ ಕೊಡತಾರ. ನೀ ಏನ್ ಕೊಡತೀ ಮೇಡಂ?"

"ಮುತ್ತು," ಎನ್ನುತ್ತಿದ್ದಳು ರೇಣುಕಾ.

"ನಿನ್ನ ಬಾಯಿ ತೊಳಕೊಂಡು ಬಂದು ಕೊಡು."

ಕೆಲವು ಸಲ ಮಗಳ ಕೈಗೂ ಒಂದು ಒದ್ದೆ ಅರಿವೆ ಕೊಟ್ಟು, ಮೂಲೆಯಿಂದ ಬಾಗಿಲಿಗೆ ಹಿಂದು ಹಿಂದಕ್ಕೆ ಬರುವ ಆಟ ಆಡಿಸುತ್ತಿದ್ದಳು. ಬಾಗಿಲಿಗೆ ಬಂದ ಮೇಲೆ ಸೂಪರ್‌ವೈಸರನ ದನಿ ತೆಗೆದು, "ಗುರುತು ಉಳಿದೈತೇನು?" ಎಂದು ಕೇಳುವಳು. "ಇಲ್ಲ ಸಾರ್" ಎಂದು ಹುಡುಗಿ ಸಲಾಮು ಹೊಡೆಯುವಳು. ಪಕ್ಕದ ಕೋಣೆಯ ಹುಸೇನಮ್ಮ ಇದನ್ನು ನೋಡಿ ನಗುತ್ತಿದ್ದಳು.

ಆದರೆ ಎಲ್ಲ ದಿನವೂ ತಮಾಷೆಯ ದಿನವಲ್ಲ. ಹೋದ ತಿಂಗಳು ಒಂದು ಸಂಜೆ, ಎರಡು ಪಾಳಿ ಸೇರಿಸಿ ದುಡಿದು ಬಂದಿದ್ದಾಗ, ಆಗತಾನೇ ಒಗೆದು ಹಾಸಿದ್ದ ಕೌದಿಯ ಮೇಲೆ ಹುಡುಗಿ ಕಾರಿಕೊಂಡಿತು. ಶಂಕ್ರಮ್ಮನಿಗೆ ಎಲ್ಲಿತ್ತೋ ಸಿಟ್ಟು. "ದಿನಾ ಮಂದೀದು ಒರಸಿ ಬರತೀನಿ, ಮನ್ಯಾಗೂ ಒರಸಬೇಕೇನು? ನನ್ನ ಕೈಲೆ ಆಗಾಂಗಿಲ್ಲ ಇನ್ನ," ಎಂದು ಕೌದಿಯನ್ನು ಹೊರಗೆ ಎಸೆದಳು. ಮರುಗಳಿಗೆಗೆ ತಾನೇ ಅದನ್ನು ಎತ್ತಿಕೊಂಡು ಬಂದು ಒಗೆದಳು, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಳು, ತಾನು ಏನು ಅಂದೆ ಎಂಬುದನ್ನೂ ಮರೆತಳು. ದುಡಿದು ದಣಿದವರು ಎಷ್ಟೋ ಅನ್ನುತ್ತಾರೆ. ಅಂದವರು ಮರೆತಂತೆ ಕೇಳಿದ ಮಕ್ಕಳು ಮರೆಯುವುದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ.

ದಸರಾ ರಜೆ ಬಂತು. ಶಾಲೆ ಇಲ್ಲ. ಶಂಕ್ರಮ್ಮ ಬೆಳಗಿನ ಪಾಳಿಗೆ ಹೊರಡುವಾಗ ರೊಟ್ಟಿ, ಬ್ಯಾಳಿ ಮುಚ್ಚಿಟ್ಟು, "ಅಕ್ಕಾ, ಹುಡುಗಿ ಮ್ಯಾಲ ಒಂದ್ ಕಣ್ಣ ಇಡ್ರಿ" ಎಂದು ಹುಸೇನಮ್ಮನಿಗೆ ಹೇಳಿ ಹೋಗುತ್ತಿದ್ದಳು. ಹುಸೇನಮ್ಮ ಒಳ್ಳೆಯವಳು, ಕಣ್ಣೂ ಇಡುತ್ತಿದ್ದಳು. ಆದರೆ ಆ ತಗಡಿನ ಕೋಣೆಗಳ ಸಾಲಿಗೆ ನೀರಿನ ಟ್ಯಾಂಕರು ಬಂದರೆ ಯಾರ ಕಣ್ಣೂ ಮತ್ತೊಂದರ ಮೇಲೆ ನಿಲ್ಲುವುದಿಲ್ಲ. ಆ ಗುರುವಾರ ಟ್ಯಾಂಕರು ಮಧ್ಯಾಹ್ನ ಒಂದೂವರೆಗೆ ಬಂತು. ಹುಸೇನಮ್ಮ ಕೊಡಗಳನ್ನು ಸಾಲಿಗಿಟ್ಟು, ಜಗಳಾಡಿ, ತುಂಬಿಕೊಂಡು ಬರುವಷ್ಟರಲ್ಲಿ ಮೂರು ಗಂಟೆ.

ಶಂಕ್ರಮ್ಮ ಬಂದದ್ದೂ ಅದೇ ಹೊತ್ತಿಗೆ. ಬಾಗಿಲು ತಳ್ಳಿದರೆ ನೆಲವೆಲ್ಲ ಒದ್ದೆ, ಫಿನಾಯಿಲಿನ ಘಾಟು ಮುಖಕ್ಕೆ ಬಡಿಯಿತು. ಒರೆಸಿದ ಅರಿವೆಯನ್ನು ಹಿಂಡಿ, ಹುರಿಯ ಮೇಲೆ ಎರಡು ತುದಿ ಸಮ ಮಾಡಿ ಒಣಹಾಕಲಾಗಿತ್ತು. ರೇಣುಕಾ ಗೋಡೆಯ ಕಡೆ ಮುಖ ಮಾಡಿ ಚಾಪೆಯ ಮೇಲೆ ಮಲಗಿದ್ದಳು.

"ಯಾರ ಒರಸಿದ್ದು?"

"ನಾನ."

"ಯಾಕ?"

"ಸುಮ್ಮನ," ಎಂದಿತು ಹುಡುಗಿ.

ಶಂಕ್ರಮ್ಮ ಬಗ್ಗಿ ಮೂಲೆ ನೋಡಿದಳು. ಕಂಪನಿಯ ಹೊಸ ಹೆಂಗಸರು ಮೂಲೆಯಲ್ಲೇ ಸಿಕ್ಕಿಬೀಳುವುದು. ಇಲ್ಲಿ ಮೂಲೆಯೂ ಚೊಕ್ಕವಾಗಿತ್ತು. ಅವಳಿಗೆ ಹೆಮ್ಮೆ ತಡೆಯಲಿಲ್ಲ. "ಅಕ್ಕಾ, ಬಂದು ನೋಡ್ರಿ. ನನ್ನ ನೌಕರಿಗೆ ವಾರಸದಾರಳು ತಯಾರಾಗ್ಯಾಳ," ಎಂದು ಹುಸೇನಮ್ಮನನ್ನು ಕರೆದು ತೋರಿಸಿದಳು. ಇಬ್ಬರೂ ನಕ್ಕರು. ಅವರು ನಗುತ್ತಿರುವಾಗಲೇ ಹುಡುಗಿ ಎದ್ದು ಕೂತು, ಬಾಗಿಲತ್ತ ಓಡಿ, ದಾಟಲಾಗದೆ ಹೊಸ್ತಿಲ ಮೇಲೆ ಕಾರಿಕೊಂಡಿತು.

ಬರೀ ನೀರು. ಶಂಕ್ರಮ್ಮ ಒರೆಸಿದಳು. "ಒಂದ್ ತಾಸು ತಡದಿದ್ರ ನಿನಗ ಬೋನಸ್ ಕೊಡತಿದ್ದೆ," ಎಂದಳು. ಒರೆಸಿ ಅರಿವೆ ಹಿಂಡುವಷ್ಟರಲ್ಲಿ ಮತ್ತೊಂದು ಸಲ. ಆಮೇಲೆ ಭೇದಿ. ಒಗೆದ ಲಂಗ ಹಾಕಿದರೆ ಅದೂ ಕೆಟ್ಟಿತು, ಅದನ್ನು ಬಿಚ್ಚಿ ಮತ್ತೊಂದು ಹಾಕಿದಳು. "ನಿನಗಿರೂದು ನಾಕ ಲಂಗ. ಇನ್ನ ಒಂದಾದ ಮ್ಯಾಗ ನನ್ನ ಕಂಪನಿ ಅಂಗಿ ಹಾಕ್ಕೊಂಡು ಡ್ಯೂಟಿಗೆ ಹೋಗಬೇಕು ನೋಡು," ಎಂದಳು. ಹುಡುಗಿ ನಗಲಿಲ್ಲ. ನಾಲ್ಕನೆಯ ಲಂಗವೂ ಕೆಟ್ಟಾಗ ಶಂಕ್ರಮ್ಮನೂ ನಗುವುದನ್ನು ಬಿಟ್ಟಳು. ಮಗಳ ಕಣ್ಣು ಗುಳಿ ಬಿದ್ದಿದ್ದವು. ಕೆನ್ನೆ ಹಿಂಡಿದರೆ ಚರ್ಮ ನಿಧಾನಕ್ಕೆ ಇಳಿಯುತ್ತಿತ್ತು. ಕರೆದರೆ "ಹ್ಞೂಂ" ಎಂದು, ಮತ್ತೆ ಕಣ್ಣು ಮುಚ್ಚುತ್ತಿತ್ತು.

ಹುಸೇನಮ್ಮನ ಹಳೇ ಸೀರೆಯಲ್ಲಿ ಸುತ್ತಿ, ಆಟೋದಲ್ಲಿ ಹಾಕಿಕೊಂಡು ಹೊರಟಳು. ಮೆಹದಿಪಟ್ಟಣಂ ಹತ್ತಿರ ಬಸ್ಸುಗಳ ನಡುವೆ ಆಟೋ ಸಿಕ್ಕಿಕೊಂಡಾಗ ರೇಣುಕಾ ಸೀಟಿನ ಮೇಲೇ ಮಾಡಿಬಿಟ್ಟಳು. "ಅರೇ ಅಮ್ಮಾ, ಗಾಡಿ ಖರಾಬ್ ಕರ್ ದಿಯೇ" ಎಂದು ಆಟೋದವನು ಗೊಣಗಿದ. ಶಂಕ್ರಮ್ಮ ಜೇಬಿನ ಹಳದಿ ಅರಿವೆ ತೆಗೆದಳು, ಬಾಟಲಿಯ ನೀರು ಸುರಿದಳು, ಒಂದು ಕೈಯಲ್ಲಿ ಮಗಳನ್ನು ಹಿಡಿದು ಇನ್ನೊಂದು ಕೈಯಲ್ಲಿ ಸೀಟು, ಸೀಟಿನ ಸಂದು, ಕಾಲಡಿಯ ರಬ್ಬರು, ಎಲ್ಲ ಉಜ್ಜಿದಳು. ಆಸ್ಪತ್ರೆಯ ಮುಂದೆ ಇಳಿದಾಗ ಆಟೋದವನು ಹಿಂದಕ್ಕೆ ತಿರುಗಿ ನೋಡಿ ಬೆರಗಾದ. ಎರಡು ವರ್ಷದ ಹಿಂದಿನ ಪಾನಿನ ಕಲೆಯೂ ಹೋಗಿತ್ತು. "ಕಲ್ ಭೀ ಆ ಜಾವ್ ಅಮ್ಮಾ" ಎಂದು ನಾಳೆಗೂ ಕರೆದ. ಬೇರೆ ದಿನವಾಗಿದ್ದರೆ ಶಂಕ್ರಮ್ಮ ಇದನ್ನು ಒಂದು ತಿಂಗಳು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಆ ಹೊತ್ತು ಅದು ಅವಳ ಕಿವಿಗೇ ಹೋಗಲಿಲ್ಲ.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ತೆಲುಗಿನವಳು. ಶಂಕ್ರಮ್ಮನ ತೆಲುಗು ಕಂಪನಿಯ ಕಾರಿಡಾರಿನಲ್ಲಿ ಕಲಿತದ್ದು. ಹೇಗೋ ಇಬ್ಬರ ಮಾತು ಇಬ್ಬರಿಗೂ ತಿಳಿಯುತ್ತಿತ್ತು.

"ಏನು ತಿಂದಿದ್ದಾಳೆ?"

"ರೊಟ್ಟಿ, ಬೇಳೆ."

"ಮೊದಲ ಸಲ ವಾಂತಿಯಲ್ಲಿ ಏನು ಬಂತು? ಅನ್ನ, ಕಾಳು, ಗುಳಿಗೆ, ಏನಾದರೂ ಕಂಡಿತೇ? ಬಣ್ಣ ಹೇಗಿತ್ತು?"

"ಗೊತ್ತಿಲ್ಲ ಮೇಡಂ. ನಾನು ಮೂರಕ್ಕೆ ಬಂದಾಗಿನಿಂದ ಬರೀ ನೀರು."

"ಅದಕ್ಕೂ ಮೊದಲು?"

ಶಂಕ್ರಮ್ಮನ ಕಣ್ಣ ಮುಂದೆ ಆ ಒದ್ದೆ ನೆಲ ಬಂತು. ಎರಡು ತುದಿ ಸಮ ಮಾಡಿ ಒಣಹಾಕಿದ ಅರಿವೆ ಬಂತು. ಯಾವ ಮಗುವೂ ಸುಮ್ಮನೆ ಫಿನಾಯಿಲು ಹಾಕಿ ನೆಲ ಒರೆಸುವುದಿಲ್ಲ. ಇಷ್ಟು ಹೊತ್ತು ಅವಳಿಗೆ ಅದು ಹೊಳೆದಿರಲಿಲ್ಲ.

"ಒರೆಸಿಬಿಟ್ಟಿದ್ದಳು ಮೇಡಂ. ಅವಳೇ."

"ದಾರಿಯಲ್ಲಿ ಆಗಲಿಲ್ಲವೇ?"

"ಆಟೋದಲ್ಲಿ ಆಯಿತು. ಒರೆಸಿದೆ."

"ಇಲ್ಲಿ ಹೊರಗೆ ಬೆಂಚಿನ ಹತ್ತಿರ ಆಯಿತು ಅಂದರಲ್ಲ?"

"ಅದನ್ನೂ ಒರೆಸಿದೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟಳು. ಬೈಯಲಿಲ್ಲ, ಬೈದಿದ್ದರೆ ಶಂಕ್ರಮ್ಮನಿಗೆ ಸುಲಭವಾಗುತ್ತಿತ್ತು. "ನೋಡಮ್ಮ, ಕೆಟ್ಟ ನೀರಿನಿಂದ ಬಂದ ಭೇದಿಯಾದರೆ ಅದರ ದಾರಿ ಬೇರೆ. ಏನಾದರೂ ನುಂಗಿದ್ದರೆ ಬೇರೆ. ಹುಡುಗಿ ಮಂಪರಾಗುತ್ತಿರುವುದು ನನಗೆ ಸರಿ ಕಾಣುತ್ತಿಲ್ಲ. ಸಲೈನ್ ಹಾಕುತ್ತೇನೆ. ಇನ್ನೊಂದು ಸಲ ವಾಂತಿಯಾದರೆ ಮುಟ್ಟಬೇಡ. ನನ್ನನ್ನು ಕರೆ," ಎಂದಳು. ಆಮೇಲೆ ರೇಣುಕಾಳ ಮೇಲೆ ಬಾಗಿ, ಏನು ತಿಂದೆ ಎಂದು ಎರಡು ಸಲ ಕೇಳಿದಳು. ಶಂಕ್ರಮ್ಮ ಅದನ್ನೇ ಕನ್ನಡದಲ್ಲಿ ನಾಲ್ಕು ಸಲ ಕೇಳಿದಳು. ಹುಡುಗಿ ತುಟಿ ಬಿಗಿ ಹಿಡಿದು ಅಡ್ಡಡ್ಡ ತಲೆಯಾಡಿಸಿತು.

ವಾರ್ಡಿನಲ್ಲಿ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಕ್ಕಳು. ರೇಣುಕಾಳಿಗೆ ಕಿಟಕಿಯ ಹತ್ತಿರ ಅರ್ಧ ಮಂಚ ಸಿಕ್ಕಿತು. ಸಲೈನ್ ಹನಿ ಬೀಳತೊಡಗಿತು. ಶಂಕ್ರಮ್ಮ ನೆಲದ ಮೇಲೆ ಕೂತು ಕಾದಳು. ಹತ್ತು ನಿಮಿಷ, ಇಪ್ಪತ್ತು ನಿಮಿಷ, ವಾಂತಿ ಬರಲಿಲ್ಲ. ನಿಂತಿತು, ದೇವರು ದೊಡ್ಡವನು ಎಂದುಕೊಂಡಳು. ನರ್ಸಿಗೆ ಹೇಳೋಣವೆಂದು ಏಳುವಾಗ ಮಗಳ ಮುಖ ಕಣ್ಣಿಗೆ ಬಿತ್ತು. ಎರಡೂ ಕೆನ್ನೆ ಉಬ್ಬಿದ್ದವು. ಸಲೈನ್ ಇಲ್ಲದ ಕೈ ಬಾಯಿಯನ್ನು ಒತ್ತಿ ಹಿಡಿದಿತ್ತು. ಗಂಟಲು ಒಮ್ಮೆ ಮೇಲೆ ಹೋಗಿ ಕೆಳಗೆ ಬಂತು, ಕಣ್ಣಲ್ಲಿ ನೀರು ಬಂತು, ಕೆನ್ನೆ ಇಳಿಯಿತು.

ಹುಡುಗಿ ನುಂಗುತ್ತಿತ್ತು.

"ಯಾಕವ್ವ? ಯಾಕ ನುಂಗಾಕತ್ತೀ?" ಎಂದಳು ಶಂಕ್ರಮ್ಮ.

"ನೆಲ ಹೊಲಸ ಆಗತೈತಿ."

"ಆದ್ರ ಆಗಲಿ."

"ನಿನ್ನ ಕೈಲೆ ಆಗಾಂಗಿಲ್ಲ," ಎಂದಿತು ಹುಡುಗಿ. ದೂರಿ ಹೇಳಿದ ಮಾತಲ್ಲ ಅದು. ತಾಯಿ ದಣಿದಿದ್ದಾಳೆ, ಇದು ಎಲ್ಲರಿಗೂ ಗೊತ್ತಿರುವ ಸಂಗತಿ, ಎನ್ನುವ ಹಾಗೆ ಹೇಳಿತು.

ಶಂಕ್ರಮ್ಮನಿಗೆ ಆ ಕೌದಿಯ ಸಂಜೆ ನೆನಪಾಯಿತು. ತನ್ನ ಬಾಯಿಗೆ ಬೆಂಕಿ ಬೀಳಲಿ ಎಂದುಕೊಂಡಳು. ಮಗಳಿಗೆ ವಾಂತಿಯಾದಾಗಲೆಲ್ಲ ತಾನು ಪಗಾರ ಕೇಳಿದ್ದು, ಬೋನಸ್ ಎಂದದ್ದು, ಸಾಲಾಗಿ ನೆನಪಾಯಿತು. ಆ ಮಾತುಗಳಲ್ಲಿ ಯಾವುದು ನಗೆ, ಯಾವುದು ಬೇಸರ ಎಂದು ಆರು ವರ್ಷದ ಹುಡುಗಿ ಹೇಗೆ ಬೇರೆ ಮಾಡಬೇಕು? ಅವಳು ಮಂಚದ ಮೇಲೆ ಹತ್ತಿ ಕೂತು, ಮಗಳ ತಲೆಯನ್ನು ತನ್ನ ಕಂಪನಿ ಅಂಗಿಗೆ ಆನಿಸಿಕೊಂಡಳು.

"ನನ್ನವ್ವ, ಬಾಯಿ ಬಿಡು. ನನ್ನ ಮ್ಯಾಗ ಮಾಡು. ನೆಲದ ಮ್ಯಾಗ ಮಾಡು. ಈ ದವಾಖಾನಿ ತುಂಬ ಮಾಡು, ನಾ ಒಂದ್ ಮಾತ ಅನ್ನಾಂಗಿಲ್ಲ."

ಹುಡುಗಿ ತಾಯಿಯ ಮುಖ ನೋಡಿತು, ಇದೂ ತಮಾಷೆಯೋ ಎನ್ನುವ ಹಾಗೆ. ಶಂಕ್ರಮ್ಮ ಕೈ ಮುಗಿದಳು. ಹೆತ್ತ ಮಗಳಿಗೆ ಕೈ ಮುಗಿದು, ವಾಂತಿ ಮಾಡು ಎಂದು ಬೇಡಿಕೊಂಡಳು. ಆಮೇಲೆ ರೇಣುಕಾ ಬಾಯಿಂದ ಕೈ ತೆಗೆದಳು. ಅರ್ಧ ಅಂಗಿಯ ಮೇಲೆ ಬಿತ್ತು, ಅರ್ಧ ನೆಲಕ್ಕೆ.

ಶಂಕ್ರಮ್ಮ ನರ್ಸಿಗೆ ಕೂಗಿ ಹೇಳಿದಳು. ಡಾಕ್ಟರಮ್ಮ ಪಕ್ಕದ ವಾರ್ಡಿನಲ್ಲಿದ್ದಾಳೆ, ಬರುತ್ತಾಳೆ ಎಂದಳು ನರ್ಸು. ಇವಳು ಕಾಯತೊಡಗಿದಳು. ಅಂಗೈಯಗಲದ ಆ ಹೊಲಸು ಬಿಳಿ ನೆಲದ ಮೇಲೆ ಹರಡಿಕೊಂಡು ಬಿದ್ದಿತ್ತು. ಪಕ್ಕದ ಮಂಚದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಕಡೆ ತಿರುಗಿದಳು. ಮಾಪು ಹಿಡಿದು ಆಯಾ ಬಂದು, "ಜರಗಮ್ಮಾ" ಎಂದು ಸರಿಯಲು ಹೇಳಿದಳು. ಶಂಕ್ರಮ್ಮ ಸರಿಯಲಿಲ್ಲ. ಡಾಕ್ಟರಮ್ಮ ನೋಡುವ ತನಕ ಮುಟ್ಟಬೇಡ ಎಂದು ಅಡ್ಡ ನಿಂತಳು. ಎಂಥ ಹೆಂಗಸು, ಮಗು ಮಾಡಿದ್ದನ್ನು ನೋಡುತ್ತ ಕೂತಿದ್ದಾಳೆ, ಇಂಥವರಿಂದಲೇ ನಮ್ಮ ಸೊಂಟ ಮುರಿಯುವುದು, ಎಂದು ಆಯಾ ತೆಲುಗಿನಲ್ಲಿ ವಾರ್ಡಿಗೆಲ್ಲ ಕೇಳುವಂತೆ ಬೈದಳು. ಅದರಲ್ಲಿ ಒಂದು ಮಾತೂ ಶಂಕ್ರಮ್ಮನಿಗೆ ಹೊಸದಲ್ಲ. ಅವಳೇ ಎಷ್ಟೋ ಸಲ ಹಾಗೆ ಬೈದಿದ್ದಳು. ಅವಳ ಕೈ ತಾನಾಗಿಯೇ ಎರಡು ಸಲ ಜೇಬಿನ ಅರಿವೆಗೆ ಹೋಯಿತು. ಮೂರನೆಯ ಸಲ ಹೋದಾಗ ಅವಳು ಮಂಚದ ಅಂಚಿಗೆ ಕೂತು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಹತ್ತು ವರ್ಷ ದುಡಿದ ಮೈಗೆ ಅಷ್ಟು ಕಷ್ಟದ ಕೆಲಸ ಯಾವತ್ತೂ ಬಂದಿರಲಿಲ್ಲ.

ಡಾಕ್ಟರಮ್ಮ ಬಂದಳು. ಟಾರ್ಚು ಬಿಟ್ಟು, ಒಂದು ಕಡ್ಡಿಯಿಂದ ಮೆಲ್ಲಗೆ ಸರಿಸಿ ನೋಡಿ, ಏನೋ ಎತ್ತಿ ಹತ್ತಿಯ ಮೇಲೆ ಇಟ್ಟಳು. ಉಗುರಿನಷ್ಟು ಕರಿ ಸಿಪ್ಪೆ. ಅದರ ಪಕ್ಕಕ್ಕೆ ಅಗಿದು ಬಿಟ್ಟ ಬಿಳಿ ತಿರುಳು.

"ಇದೇನು?"

ಶಂಕ್ರಮ್ಮನಿಗೆ ನೋಡಿದ ಕೂಡಲೇ ತಿಳಿಯಿತು. ಕಾಡು ಔಡಲ, ಅಂದರೆ ಕಾಡು ಹರಳು, ವಿಷದ ಬೀಜ. ಅವರ ಕೋಣೆಗಳ ಹಿಂದಿನ ಖಾಲಿ ಜಾಗಕ್ಕೆ ಅದರ ಮಾಲೀಕ ಸುತ್ತಲೂ ಬೇಲಿಯಾಗಿ ನೆಟ್ಟಿದ್ದು ಅದನ್ನೇ. ಆಡು ಬಾಯಿ ಹಾಕುವುದಿಲ್ಲ, ಮುಂದೆ ಅದರ ಬೀಜದಿಂದ ಡೀಸೆಲ್ಲೂ ಬರುತ್ತದಂತೆ ಎಂದು ಜನ ಆಡಿಕೊಳ್ಳುತ್ತಿದ್ದರು. ಮಳೆ ಮುಗಿದು ಕಾಯಿ ಹಣ್ಣಾಗಿ ಒಡೆಯುವ ಕಾಲ.

"ಎಷ್ಟ ತಿಂದಿ?" ಎಂದು ಕೇಳಿದಳು. ಈ ಸಲ ಹುಡುಗಿ ಹೇಳಿತು.

"ಎಂಟು. ಶೇಂಗಾದ ಹಂಗ ಇತ್ತು. ಸೀ ಇತ್ತು."

"ಬ್ಯಾರೆ ಯಾರರ ತಿಂದಾರೇನು?"

"ಇಲ್ಲ. ಎಲ್ಲಾರೂ ಟ್ಯಾಂಕರ ನೋಡಾಕ ಹೋಗಿದ್ರು."

ಡಾಕ್ಟರಮ್ಮ ಬೇಗ ಬೇಗ ಏನೋ ಬರೆದಳು. ರಕ್ತ ಪರೀಕ್ಷೆಗೆ ಹೇಳಿದಳು, ಇನ್ನೊಂದು ಬಾಟಲಿ ಏರಿಸಲು ಹೇಳಿದಳು. "ಇದನ್ನು ತಿಂದ ಮಕ್ಕಳು ಹೆಚ್ಚಾಗಿ ಚೇತರಿಸಿಕೊಳ್ಳುತ್ತವೆ. ಆದರೆ ಇವಳಿಗೆ ಮೈಯ ನೀರು ಬಹಳ ಹೋಗಿದೆ. ನಾಳೆ ಮಧ್ಯಾಹ್ನದವರೆಗೂ ನಾನು ಏನೂ ಹೇಳಲಾರೆ. ಮೊದಲ ವಾಂತಿಯಲ್ಲೇ ಬೀಜ ಕಂಡಿದ್ದರೆ," ಎಂದು ಶುರು ಮಾಡಿದವಳು ಶಂಕ್ರಮ್ಮನ ಮುಖ ನೋಡಿ ಅಲ್ಲಿಗೇ ಬಿಟ್ಟಳು. ಆಯಾಗೆ ಒರೆಸಲು ಸನ್ನೆ ಮಾಡಿ ಹೋದಳು.

ಆಯಾ ಒರೆಸಿದಳು. ಶಂಕ್ರಮ್ಮ ಕಾಲು ಎತ್ತಿಕೊಂಡು ಕೂತಳು. ಕಿಟಕಿಯಾಚೆ ಕತ್ತಲಾಗಿತ್ತು. ಮಗಳ ಉಸಿರು ಎಣಿಸುತ್ತ, ಎಣಿಕೆ ತಪ್ಪಿದಾಗ ಮೊದಲಿಂದ ಎಣಿಸುತ್ತ ಅವಳು ಕೂತಿದ್ದಾಗ ರೇಣುಕಾ ಕಣ್ಣು ತೆರೆದಳು. ಎರಡನೆಯ ಬಾಟಲಿ ಅರ್ಧವಾಗಿತ್ತು.

"ಮೊದಲನೇ ಸಲ ಬೀಜ ಭಾಳ ಬಂದಿದ್ವು ಅವ್ವಾ. ಎಲ್ಲಾ ಆರಿಸಿ ಹೊರಗ ಒಗದೆ. ಒಂದೂ ಉಳಸಲಿಲ್ಲ," ಎಂದಳು ಸಣ್ಣ ದನಿಯಲ್ಲಿ. ಆಮೇಲೆ, "ಚಲೋ ಒರಸಿದ್ದೆ ಹೌದಲ್ಲ?" ಎಂದು ಕೇಳಿದಳು.

ಶಂಕ್ರಮ್ಮ ಮಗಳ ಕೈಯನ್ನು ಮೂಗಿನ ಹತ್ತಿರ ಹಿಡಿದಳು. ಆ ಪುಟ್ಟ ಬೆರಳುಗಳಲ್ಲಿ ಇನ್ನೂ ಫಿನಾಯಿಲಿನ ವಾಸನೆ ಇತ್ತು.

"ಇನ್ನ ಮ್ಯಾಲ ನೀ ಒರಸಬ್ಯಾಡವ್ವ. ಒರಸೂದು ನನ್ನ ಕೆಲಸ. ನಿನಗ ಹೊಟ್ಟಿ ತೊಳಸಿದ್ರ ನೀ ಬರೇ ನನ್ನ ಕರೀಬೇಕು. ಅಷ್ಟ."

"ಕರದೆ," ಎಂದಳು ರೇಣುಕಾ, ಕಣ್ಣು ಮುಚ್ಚುತ್ತ. "ನೀ ಕೆಲಸಕ್ಕ ಹೋಗಿದ್ದಿ."